ಬೆರಳಿಗೂ ಕಣ್ಣಿಗೂ ನಡುವಣ ಕಾಲ

ಕಾಲವನ್ನು ಅಳೆಯಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಉಂಟು. ಹಗಲು ರಾತ್ರಿಗಳೆರಡನ್ನೂ ಸೇರಿಸಿ ಅರುವತ್ತು ಗಳಿಗೆಗಳಾಗಿ ವಿಂಗಡಿಸಿದವರು ನಮ್ಮ ಹಿಂದಿನವರು. ನಿಮಿಷವೆಂಬ ಮಾತಿಗೆ ಇಂದು ಅರುವತ್ತು ಸೆಕೆಂಡುಗಳೆಂಬ ಅರ್ಥ ರೂಢಿಯಾಗಿದ್ದರೂ ಅದರ ಮೂಲಾರ್ಥ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಕಾಲ ಎಂದೇ ಆಗಿದೆ. ದೇವತೆಗಳು ಎವೆಯಿಕ್ಕುವುದಿಲ್ಲವೆಂಬ ನಂಬಿಕೆಯಿಂದ ಅವರನ್ನು ಅನಿಮಿಷರೆಂದು ಕರೆದರು. ಎವೆಯಿಕ್ಕುವ ಹೊತ್ತಿಗಿಂತ ಕಿರಿದಾದ ಕಾಲದಿಂದ ಮನುಷ್ಯನಿಗೆ ಆಗಬೇಕಾದ ಕೆಲಸವೇನೂ ಇಲ್ಲವೆಂದು ಬಹುಕಾಲ ಎಲ್ಲರೂ ಭಾವಿಸಿದ್ದರು.

ಈ ಭಾವನೆ ತಪ್ಪೆಂಬುದು ಮೊದಲು ಅರಿವಾದದ್ದು ಖಗೋಳ ವಿಜ್ಞಾನಿಗಳಿಗೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಮ್ಯಾಸ್ಕಲಿನ್ ೧೭೯೬ರಲ್ಲಿ ತನ್ನ ಸಹಾಯಕನಾದ ಕಿನೆಬ್ರೂಕ್ ಎಂಬ ತರುಣನನ್ನು ಕೆಲಸದಿಂದ ತೆಗೆದುಹಾಕಿದನು. ದೂರದರ್ಶಕದೊಳಗಿನ ಗೆರೆಯನ್ನು ನಕ್ಷತ್ರವು ದಾಟಿದ ವೇಳೆಯನ್ನು ಆತನು ತನ್ನ ಒಡೆಯನಿಗಿಂತ ಸುಮಾರು ಮುಕ್ಕಾಲು ಸೆಕೆಂಡಿನಷ್ಟು ತಡವಾಗಿ ಗುರುತಿಸುತ್ತಿದ್ದನೆಂಬುದೇ ಆತನ ಮೇಲಿದ್ದ ದೋಷಾರೋಪ. ಮುಂದೆ ಬೆಸೆಲ್ ಎಂಬ ಜರ್ಮನ್ ವಿಜ್ಞಾನಿ ಈ ಸಂಗತಿಯನ್ನು ಪರಿಶೀಲಿಸಿ, ಇದು ಆ ತರುಣನ ಅಲಕ್ಷ್ಯವಲ್ಲವೆಂದೂ ಕಂಡದ್ದನ್ನು ಗುರುತಿಸಲು ಪ್ರತಿಯೊಬ್ಬ ಮನುಷ್ಯನಿಗೂ ತನ್ನದೇ ಆದ ಕಾಲ ಬೇಕಾಗುತ್ತದೆಂದೂ ತೋರಿಸಿದನು. ಕಣ್ಣು ಕಂಡದ್ದಕ್ಕೆ ಬೆರಳು ಉತ್ತರ ಕೊಡಲು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕೆಂಬುದು ಇಂದು ತಿಳಿದ ವಿಷಯ.

ಗಣಕಯಂತ್ರದ ಯುಗದಲ್ಲಿ ಈ ಪ್ರಶ್ನೆ ತಿರುಗುಮುರುಗಾಗಿದೆ. ಈಗ ಕಣ್ಣಿನಿಂದ ಬೆರಳಿಗೆ ಹೋಗುವ ದಾರಿಯಷ್ಟೇ ಅಲ್ಲ, ಬೆರಳಿನಿಂದ ಮತ್ತೆ ಕಣ್ಣಿಗೆ ಬರುವ ದಾರಿಯೂ ಒಂದುಂಟು. ಒಬ್ಬನು ಮೌಸಿನ ಬಟನ್ ಒತ್ತುತ್ತಾನೆ. ಅದರ ಫಲ ಪರದೆಯ ಮೇಲೆ ಕಾಣಿಸುತ್ತದೆ. ಈ ಎರಡರ ನಡುವೆ ಕಳೆಯುವ ಕಾಲಕ್ಕೆ ಗಣಕಯಂತ್ರದ ಆಟಗಳನ್ನು ಆಡುವವರು ‘ಇನ್‌ಪುಟ್ ಲ್ಯಾಗ್’ ಎನ್ನುತ್ತಾರೆ. ಒತ್ತಿದ್ದಕ್ಕೆ ಉತ್ತರ ಬರುವಲ್ಲಿ ಆಗುವ ವಿಳಂಬ ಎಂದು ಇದರ ಅರ್ಥ. ಪಂದ್ಯದಲ್ಲಿ ಎದುರಾಳಿಯನ್ನು ಕಂಡೊಡನೆ ಒತ್ತಿದ ಬಟನ್ ತಡವಾಗಿ ಫಲಿಸಿದರೆ ಆಟಗಾರನು ಸೋಲುತ್ತಾನೆ. ಗಣಕಯಂತ್ರದ ಮೂಲಕ ವಾದ್ಯ ನುಡಿಸುವವನಿಗೆ ಕೀಲಿ ಒತ್ತಿದ ಮೇಲೆ ಸ್ವರ ತಡವಾಗಿ ಕೇಳಿಸಿದರೆ ತಾಳ ತಪ್ಪುತ್ತದೆ. ಈ ವಿಳಂಬವನ್ನು ತಗ್ಗಿಸುವ ಹಲವು ಉಪಾಯಗಳಲ್ಲಿ ಯಂತ್ರದ ಸ್ಮೃತಿಯ, ಎಂದರೆ ಮೆಮೊರಿಯ, ಕಾಲಮಾನಗಳನ್ನು ಹದಗೊಳಿಸುವುದೂ ಒಂದು. ವೀಣೆಯ ತಂತಿಯನ್ನು ಶ್ರುತಿಗೊಳಿಸುವಂತೆಯೇ ಇದೂ ಒಂದು ಸೂಕ್ಷ್ಮವಾದ ಕೆಲಸ. ತಂತಿಯನ್ನು ಬಿಗಿಮಾಡಿದರೆ ಸ್ವರ ಏರುತ್ತದೆ. ಮಿತಿಮೀರಿ ಬಿಗಿಮಾಡಿದರೆ ತಂತಿ ಹರಿಯುತ್ತದೆ.

ಇಲ್ಲಿ ಎರಡು ಅಳತೆಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಮಿಲಿಸೆಕೆಂಡ್; ನೂರು ಕೋಟಿಯಲ್ಲಿ ಒಂದು ಭಾಗ ನ್ಯಾನೋಸೆಕೆಂಡ್. ಮೊದಲನೆಯದು ಮನುಷ್ಯನ ಅನುಭವಕ್ಕೆ ಹತ್ತಿರದ ಅಳತೆ, ಎರಡನೆಯದು ಯಂತ್ರದ ಅಳತೆ. ಅಮೆರಿಕದ ನೌಕಾಪಡೆಯ ಅಧಿಕಾರಿಯೂ ಗಣಿತಜ್ಞೆಯೂ ಆಗಿದ್ದ ಗ್ರೇಸ್ ಹಾಪರ್ ತಮ್ಮ ಭಾಷಣಗಳಲ್ಲಿ ಸುಮಾರು ಮೂವತ್ತು ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಕೇಳುಗರಿಗೆ ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೆಚ್ಚೆಂದರೆ ಅಷ್ಟೇ ದೂರ ಸಾಗಬಲ್ಲುದೆಂದು ಅವರು ಹೇಳುತ್ತಿದ್ದರು. ಕಾಣದ ಕಾಲವನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದ ಪಾಠವದು. ಒಂದು ಮಿಲಿಸೆಕೆಂಡಿನಲ್ಲಿ ಹತ್ತು ಲಕ್ಷ ನ್ಯಾನೋಸೆಕೆಂಡುಗಳು ಅಡಗಿವೆಯೆಂಬುದನ್ನು ನೆನಪಿಟ್ಟರೆ ಮುಂದಿನ ವಿಚಾರ ಸುಲಭವಾಗುತ್ತದೆ.

ಬಟನ್ ಒತ್ತಿದ ಸಮಾಚಾರವು ಪರದೆಯನ್ನು ಮುಟ್ಟುವ ದಾರಿಯಲ್ಲಿ ಹಲವು ಚೌಕಿಗಳಿವೆ. ಗಣಕಯಂತ್ರವು ಮೌಸನ್ನು ನಿಯತಕಾಲಕ್ಕೊಮ್ಮೆ ವಿಚಾರಿಸುತ್ತದೆ. ಸಾಧಾರಣ ಮೌಸುಗಳನ್ನು ಸೆಕೆಂಡಿಗೆ ೧೨೫ ಬಾರಿ, ಎಂದರೆ ೮ ಮಿಲಿಸೆಕೆಂಡಿಗೊಮ್ಮೆ ವಿಚಾರಿಸಿದರೆ, ಆಟಕ್ಕೆಂದೇ ಮಾಡಿದ ಮೌಸುಗಳನ್ನು ಸೆಕೆಂಡಿಗೆ ೧೦೦೦ ಬಾರಿ ವಿಚಾರಿಸುವುದುಂಟು. ಅನಂತರ ಯಂತ್ರದ ಮಿದುಳೆನಿಸಿದ ಪ್ರೊಸೆಸರ್ ಆ ಸಮಾಚಾರವನ್ನು ತೆಗೆದುಕೊಂಡು ಆಟದ ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕದಂತೆ ಚಿತ್ರ ರಚಿಸುವುದು ಗ್ರಾಫಿಕ್ಸ್ ಘಟಕದ ಕೆಲಸ. ಸಿದ್ಧವಾದ ಚಿತ್ರವು ತನ್ನ ಸರದಿಗಾಗಿ ಕಾದು ಪರದೆಗೆ ಹೋಗುತ್ತದೆ. ಸೆಕೆಂಡಿಗೆ ೬೦ ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ೧೬.೭ ಮಿಲಿಸೆಕೆಂಡುಗಳ ಅಂತರವಿದ್ದರೆ, ೧೪೪ ಬಾರಿ ಬದಲಿಸುವ ಪರದೆಯಲ್ಲಿ ಆ ಅಂತರ ೬.೯ ಮಿಲಿಸೆಕೆಂಡಿಗೆ ಇಳಿಯುತ್ತದೆ. ಹೀಗೆ ಒಟ್ಟು ವಿಳಂಬವೆಂಬುದು ಅನೇಕ ಸಣ್ಣ ವಿಳಂಬಗಳ ಮೊತ್ತವಾಗಿದೆ.

ಇವುಗಳಲ್ಲಿ ಸ್ಮೃತಿಯ ಪಾತ್ರವಿರುವುದು ಪ್ರೊಸೆಸರ್ ಲೆಕ್ಕ ಹಾಕುವ ಹಂತದಲ್ಲಿ. ಆಟದಲ್ಲಿ ಬರುವ ಪ್ರತಿಯೊಂದು ವಸ್ತುವಿನ ಸ್ಥಾನ, ವೇಗ, ಬಣ್ಣ ಮುಂತಾದ ವಿವರಗಳೆಲ್ಲವೂ ಸ್ಮೃತಿಯಲ್ಲಿರುತ್ತವೆ. ಪ್ರೊಸೆಸರ್ ಅವನ್ನು ತರಿಸಿಕೊಂಡು ನೋಡಬೇಕು; ತಂದುಕೊಡುವವರೆಗೆ ಕಾಯಬೇಕು. ಪ್ರೊಸೆಸರಿನ ವೇಗ ವರ್ಷದಿಂದ ವರ್ಷಕ್ಕೆ ಬೆಳೆದಷ್ಟು ಸ್ಮೃತಿಯ ಚುರುಕುತನ ಬೆಳೆಯಲಿಲ್ಲ. ಹೀಗೆಯೇ ನಡೆದರೆ ಪ್ರೊಸೆಸರ್ ಒಂದು ದಿನ ಸ್ಮೃತಿಯೆಂಬ ಗೋಡೆಗೆ ಡಿಕ್ಕಿ ಹೊಡೆಯುವುದೆಂದು ವುಲ್ಫ್ ಮತ್ತು ಮೆಕೀ ಎಂಬ ಇಬ್ಬರು ವಿದ್ವಾಂಸರು ೧೯೯೫ರಲ್ಲಿ ಎಚ್ಚರಿಸಿದರು. ಇಂದಿನ ಯಂತ್ರದಲ್ಲಿ ಪ್ರೊಸೆಸರ್ ಕೇಳಿದ ಅಂಶವು ಸ್ಮೃತಿಯಿಂದ ಬಂದು ತಲಪಲು ಸುಮಾರು ೬೦ರಿಂದ ೯೦ ನ್ಯಾನೋಸೆಕೆಂಡುಗಳು ಬೇಕು. ಸೆಕೆಂಡಿಗೆ ೫೦೦ ಕೋಟಿ ಸಲ ಮಿಡಿಯುವ ಪ್ರೊಸೆಸರಿಗೆ ೭೦ ನ್ಯಾನೋಸೆಕೆಂಡುಗಳೆಂದರೆ ೩೫೦ ಮಿಡಿತಗಳು. ಅಷ್ಟು ಹೊತ್ತು ಅದು ಕೈಕಟ್ಟಿ ಕುಳಿತಿರಬೇಕಾಗಬಹುದು.

ಸ್ಮೃತಿಯು ಏಕೆ ಹೀಗೆ ತಡಮಾಡುತ್ತದೆಂಬುದನ್ನು ತಿಳಿಯಲು ಅದರ ರಚನೆಯನ್ನು ನೋಡಬೇಕು. ಗಣಕಯಂತ್ರಕ್ಕೆ ತಿಳಿಯುವ ಅಂಕಿಗಳು ಸೊನ್ನೆ ಮತ್ತು ಒಂದು ಮಾತ್ರ. ಇಂಥ ಒಂದು ಅಂಕಿಯನ್ನು ಬಿಟ್ ಎನ್ನುತ್ತಾರೆ. ಐ.ಬಿ.ಎಂ. ಸಂಸ್ಥೆಯ ಎಂಜಿನಿಯರ್ ರಾಬರ್ಟ್ ಡೆನಾರ್ಡ್ ೧೯೬೬ರಲ್ಲಿ ಒಂದು ಬಿಟ್ಟನ್ನು ಕಾಪಾಡಲು ಅತ್ಯಂತ ಸರಳವಾದ ಉಪಾಯವೊಂದನ್ನು ಕಂಡುಹಿಡಿದರು. ಅದುವರೆಗೆ ಒಂದೊಂದು ಬಿಟ್ಟಿಗೂ ಹಲವು ಟ್ರಾನ್ಸಿಸ್ಟರುಗಳು ಬೇಕಾಗುತ್ತಿದ್ದವು. ಡೆನಾರ್ಡರು ಒಂದೇ ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಧಾರಕ ಸಾಕೆಂದು ತೋರಿಸಿದರು. ಧಾರಕದಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಟ್ರಾನ್ಸಿಸ್ಟರ್ ಅದರ ಬಾಗಿಲು. ೧೯೬೮ರಲ್ಲಿ ಅವರಿಗೆ ಪೇಟೆಂಟ್ ದೊರಕಿತು. ೧೯೭೦ರಲ್ಲಿ ಇಂಟೆಲ್ ಸಂಸ್ಥೆ ಇದೇ ಬಗೆಯ ಧಾರಕಗಳಲ್ಲಿ ಬಿಟ್ಟುಗಳನ್ನು ಕಾಪಾಡುವ, ೧೦೨೪ ಬಿಟ್ಟುಗಳ ಸ್ಮೃತಿಯ ಚಿಪ್ಪನ್ನು ಮಾರುಕಟ್ಟೆಗೆ ತಂದಿತು. ಡೆನಾರ್ಡರ ಒಂದು ಟ್ರಾನ್ಸಿಸ್ಟರಿನ ಉಪಾಯವು ಮುಂದೆ ಜಗತ್ತಿನ ಬಹುಪಾಲು ಗಣಕಯಂತ್ರಗಳ ಮುಖ್ಯ ಸ್ಮೃತಿಗೆ ತಳಹದಿಯಾಯಿತು. ಇಂದಿನ ಒಂದೊಂದು ಚಿಪ್ಪಿನಲ್ಲಿ ಇಂಥ ನೂರಾರು ಕೋಟಿ ಕೋಶಗಳಿವೆ. ಡೆನಾರ್ಡರು ೨೦೨೪ರಲ್ಲಿ ತೀರಿಕೊಂಡರು.

ಈ ಸರಳತೆಗೆ ತೆತ್ತ ಬೆಲೆಯೂ ಉಂಟು. ಮೊದಲನೆಯದಾಗಿ, ಧಾರಕವೆಂಬುದು ಸೋರುವ ಕೊಡ. ಅದರಲ್ಲಿ ತುಂಬಿದ ಆವೇಶ ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಬಿಸಿ ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ. ಆದುದರಿಂದ ಕೊಡ ಬರಿದಾಗುವ ಮುನ್ನವೇ ಮತ್ತೆ ತುಂಬಬೇಕು. ಡಿಡಿಆರ್ ೪ ಎಂಬ ಬಗೆಯ ಸ್ಮೃತಿಯಲ್ಲಿ ಪ್ರತಿಯೊಂದು ಕೋಶವನ್ನೂ ೬೪ ಮಿಲಿಸೆಕೆಂಡಿಗೊಮ್ಮೆಯಾದರೂ ಹೀಗೆ ನವೀಕರಿಸಬೇಕೆಂಬ ನಿಯಮವಿದೆ. ಎರಡನೆಯದಾಗಿ, ಓದುವ ಕ್ರಿಯೆಯೇ ಬರೆದದ್ದನ್ನು ಅಳಿಸುತ್ತದೆ. ಕೊಡದಲ್ಲಿ ನೀರಿದೆಯೇ ಎಂದು ತಿಳಿಯಲು ಅದನ್ನು ಬಗ್ಗಿಸಿ ನೋಡಿ, ನೀರು ಬಂದರೆ ಮತ್ತೆ ತುಂಬಿಡುವಂತೆ ಇದು. ಮೂರನೆಯದಾಗಿ, ಒಂದು ಕೋಶದಲ್ಲಿರುವ ಆವೇಶ ಅತ್ಯಲ್ಪ. ಅದನ್ನು ಗುರುತಿಸಲು ವರ್ಧಕಗಳು ಬೇಕು. ವರ್ಧಕಗಳು ನಿಶ್ಚಯಕ್ಕೆ ಬರಲು ಒಂದಿಷ್ಟು ಕಾಲ ಬೇಕು.

ಚಿಪ್ಪಿನೊಳಗೆ ಕೋಶಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿರುತ್ತಾರೆ. ಅದರ ಕಾರ್ಯಕ್ರಮವನ್ನು ತಾಲ್ಲೂಕು ಕಚೇರಿಯ ದಾಖಲೆಗಳ ಕೋಣೆಗೆ ಹೋಲಿಸಬಹುದು. ಯಾರೋ ಒಂದು ಪಹಣಿಯ ವಿವರ ಕೇಳುತ್ತಾರೆ. ಗುಮಾಸ್ತನು ಮೊದಲು ಬೀರುವಿನಿಂದ ಆ ಗ್ರಾಮದ ಕಡತವನ್ನು ತೆಗೆದು ಮೇಜಿನ ಮೇಲೆ ಬಿಡಿಸಿಡಬೇಕು. ಇದು ಅಡ್ಡಸಾಲನ್ನು ತೆರೆಯುವ ಕೆಲಸ. ಆಮೇಲೆ ಕಡತದಲ್ಲಿ ಬೇಕಾದ ಪುಟವನ್ನು ಹುಡುಕಿ ಓದಿ ಹೇಳಬೇಕು. ಇದು ಕಂಬಸಾಲನ್ನು ಆರಿಸುವ ಕೆಲಸ. ಮತ್ತೊಬ್ಬರು ಬೇರೊಂದು ಗ್ರಾಮದ ವಿವರ ಕೇಳಿದರೆ, ಮೇಜಿನ ಮೇಲಿರುವ ಕಡತವನ್ನು ಕಟ್ಟಿ ಬೀರುವಿಗೆ ಸೇರಿಸಿದಲ್ಲದೆ ಹೊಸದನ್ನು ಬಿಡಿಸುವಂತಿಲ್ಲ. ಇದು ಅಡ್ಡಸಾಲನ್ನು ಮುಚ್ಚುವ ಕೆಲಸ. ಬಿಡಿಸಿದ ಕಡತವನ್ನು ಇಂತಿಷ್ಟು ಹೊತ್ತಾದರೂ ಮೇಜಿನ ಮೇಲೆ ಇಟ್ಟಿರಬೇಕೆಂಬ ನಿಯಮವೂ ಒಂದಿದೆ. ಓದಿದಾಗ ಅಳಿಸಿದ್ದನ್ನು ಮತ್ತೆ ಬರೆಯಲು ಆ ಅವಧಿ ಅವಶ್ಯಕ.

ಸ್ಮೃತಿಯ ಪಟ್ಟಿಯ ಮೇಲೆ ೧೬-೧೮-೧೮-೩೮ ಎಂಬಂತೆ ಅಚ್ಚಾಗಿರುವ ನಾಲ್ಕು ಅಂಕಿಗಳು ಈ ನಾಲ್ಕು ಅವಧಿಗಳನ್ನೇ ಸೂಚಿಸುತ್ತವೆ. ಮೊದಲನೆಯದು ಪುಟವನ್ನು ಓದಿ ಹೇಳಲು ಬೇಕಾದ ಕಾಲ, ಎರಡನೆಯದು ಕಡತ ಬಿಡಿಸಲು, ಮೂರನೆಯದು ಕಟ್ಟಿಡಲು, ನಾಲ್ಕನೆಯದು ಕಡತವು ಮೇಜಿನ ಮೇಲಿರಬೇಕಾದ ಕನಿಷ್ಠ ಕಾಲ. ಇವು ನ್ಯಾನೋಸೆಕೆಂಡುಗಳಲ್ಲ, ಸ್ಮೃತಿಯ ಗಡಿಯಾರದ ಮಿಡಿತಗಳು. ಡಿಡಿಆರ್ ೪-೩೨೦೦ ಎಂಬ ಸ್ಮೃತಿಯ ಗಡಿಯಾರವು ಸೆಕೆಂಡಿಗೆ ೧೬೦ ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ ೦.೬೨೫ ನ್ಯಾನೋಸೆಕೆಂಡ್. ಬೇಕಾದ ಕಡತ ಆಗಲೇ ಮೇಜಿನ ಮೇಲಿದ್ದರೆ ೧೬ ಮಿಡಿತ, ಎಂದರೆ ೧೦ ನ್ಯಾನೋಸೆಕೆಂಡಿನಲ್ಲಿ ಉತ್ತರ ಹೊರಡುತ್ತದೆ. ಮೇಜು ಬರಿದಾಗಿದ್ದರೆ ೧೮ ಮತ್ತು ೧೬ ಸೇರಿ ೩೪ ಮಿಡಿತ, ಎಂದರೆ ೨೧.೨೫ ನ್ಯಾನೋಸೆಕೆಂಡ್. ಬೇರೆ ಕಡತ ಮೇಜಿನ ಮೇಲಿದ್ದರೆ ೧೮, ೧೮ ಮತ್ತು ೧೬ ಸೇರಿ ೫೨ ಮಿಡಿತ, ಎಂದರೆ ೩೨.೫ ನ್ಯಾನೋಸೆಕೆಂಡ್. ಸ್ಮೃತಿಗಳ ಮಾನಕಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಒಂದು ಮಾನಕದಂತೆ ಇದೇ ವೇಗದ ಸ್ಮೃತಿಗೆ ಮೊದಲ ಮೂರು ಅಂಕಿಗಳೂ ೨೨ ಆಗಿರುತ್ತವೆ. ಆಗ ಕಡೆಯ ಸಂದರ್ಭಕ್ಕೆ ೪೧.೨೫ ನ್ಯಾನೋಸೆಕೆಂಡ್ ಬೇಕು. ಅಂಕಿಗಳನ್ನು ಬಿಗಿಗೊಳಿಸಿದುದರಿಂದ ಉಳಿದದ್ದು ೮.೭೫ ನ್ಯಾನೋಸೆಕೆಂಡ್.

ಸ್ಮೃತಿಯನ್ನು ಕೊಳ್ಳುವವರು ಸಾಮಾನ್ಯವಾಗಿ ಮೋಸಹೋಗುವ ಒಂದು ಸಂಗತಿ ಇಲ್ಲಿದೆ. ೨೦೦೦ದ ದಶಕದ ಡಿಡಿಆರ್-೪೦೦ ಸ್ಮೃತಿಯ ಒಳ್ಳೆಯ ಪಟ್ಟಿಗಳಲ್ಲಿ ಮೊದಲ ಅಂಕಿ ೨ ಇರುತ್ತಿತ್ತು. ಅದರ ಮಿಡಿತಕ್ಕೆ ೫ ನ್ಯಾನೋಸೆಕೆಂಡ್. ಒಟ್ಟು ೧೦ ನ್ಯಾನೋಸೆಕೆಂಡ್. ಡಿಡಿಆರ್ ೩-೧೬೦೦ ಸ್ಮೃತಿಯಲ್ಲಿ ಅಂಕಿ ೮, ಮಿಡಿತ ೧.೨೫, ಒಟ್ಟು ೧೦. ಡಿಡಿಆರ್ ೪-೩೨೦೦ರಲ್ಲಿ ಅಂಕಿ ೧೬, ಒಟ್ಟು ೧೦. ಡಿಡಿಆರ್ ೫-೬೦೦೦ದಲ್ಲಿ ಅಂಕಿ ೩೦. ಒಟ್ಟು ಮತ್ತೆ ೧೦. ಸೆಕೆಂಡಿಗೆ ಸಾಗಿಸುವ ಸರಕಿನ ಮೊತ್ತ ಹದಿನೈದು ಪಾಲು ಹೆಚ್ಚಿದರೂ ಮೊದಲ ಮೂಟೆ ಬಂದು ಮುಟ್ಟುವ ಹೊತ್ತು ಮಾತ್ರ ಬದಲಾಗಲಿಲ್ಲ. ರಸ್ತೆ ಅಗಲವಾಯಿತು, ಊರು ಹತ್ತಿರ ಬರಲಿಲ್ಲ. ದೊಡ್ಡ ಅಂಕಿ ಕಂಡು ನಿಧಾನವೆಂದಾಗಲಿ ಚಿಕ್ಕ ಅಂಕಿ ಕಂಡು ಚುರುಕೆಂದಾಗಲಿ ತೀರ್ಮಾನಿಸಕೂಡದು. ಅಂಕಿಯನ್ನು ಮಿಡಿತದ ಅವಧಿಯಿಂದ ಗುಣಿಸಿದ ಮೇಲೆಯೇ ನಿಜಸ್ಥಿತಿ ತಿಳಿಯುವುದು.

ಹಾಗಾದರೆ ಎಂಟೊಂಬತ್ತು ನ್ಯಾನೋಸೆಕೆಂಡುಗಳ ಉಳಿತಾಯದಿಂದ ಮನುಷ್ಯನಿಗೆ ಆಗುವ ಲಾಭವೇನು? ಒಂದು ಸಲದ ಉಳಿತಾಯವನ್ನು ಯಾವ ಮನುಷ್ಯನೂ ಅರಿಯಲಾರನು. ಆದರೆ ಹನಿಹನಿಗೂಡಿದರೆ ಹಳ್ಳವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಆಟದ ಒಂದು ಚಿತ್ರವನ್ನು ಸಿದ್ಧಪಡಿಸಲು ಪ್ರೊಸೆಸರಿಗೆ ೧೦ ಮಿಲಿಸೆಕೆಂಡ್ ಬೇಕೆಂದೂ ಆ ಅವಧಿಯಲ್ಲಿ ಅದು ಒಂದರ ಹಿಂದೆ ಒಂದರಂತೆ ೫೦ ಸಾವಿರ ಸಲ ಸ್ಮೃತಿಗಾಗಿ ಕಾಯಬೇಕಾಗುವುದೆಂದೂ ಇಟ್ಟುಕೊಳ್ಳೋಣ. ಒಂದೊಂದು ಸಲ ೧೦ ನ್ಯಾನೋಸೆಕೆಂಡ್ ಉಳಿದರೆ ಒಟ್ಟು ೫ ಲಕ್ಷ ನ್ಯಾನೋಸೆಕೆಂಡ್, ಎಂದರೆ ಅರ್ಧ ಮಿಲಿಸೆಕೆಂಡ್ ಉಳಿಯುತ್ತದೆ. ಹತ್ತರಲ್ಲಿ ಅರ್ಧವೆಂದರೆ ನೂರಕ್ಕೆ ಐದು ಪಾಲು. ಯಂತ್ರದ ಅಳತೆಯಾದ ನ್ಯಾನೋಸೆಕೆಂಡ್ ಮನುಷ್ಯನ ಅಳತೆಯಾದ ಮಿಲಿಸೆಕೆಂಡಿನ ಕಡೆಗೆ ಏರುವ ಮೆಟ್ಟಿಲು ಇದೇ.

ಈ ಲಾಭವು ಎಲ್ಲ ಯಂತ್ರಗಳಲ್ಲಿಯೂ ಒಂದೇ ಸಮನಾಗಿ ದೊರೆಯುವುದಿಲ್ಲ. ಅಡಿಗೆಯವರು ಪ್ರತಿಸಲವೂ ಸಾಸಿವೆಗಾಗಿ ಉಗ್ರಾಣಕ್ಕೆ ಹೋಗುವುದಿಲ್ಲ. ಒಗ್ಗರಣೆ ಡಬ್ಬಿಯನ್ನು ಕೈಗೆ ಎಟಕುವಂತೆ ಇಟ್ಟುಕೊಂಡಿರುತ್ತಾರೆ. ಅಂತೆಯೇ ಪ್ರೊಸೆಸರಿನೊಳಗೆ ‘ಕ್ಯಾಶ್’ ಎಂಬ ಸಣ್ಣ, ಅತಿ ಚುರುಕಾದ ಸ್ಮೃತಿ ಇರುತ್ತದೆ. ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ೧೯೬೫ರಲ್ಲಿಯೇ ಈ ಉಪಾಯವನ್ನು ವಿವರಿಸಿದ್ದರು. ಡಬ್ಬಿ ದೊಡ್ಡದಾದಷ್ಟೂ ಉಗ್ರಾಣಕ್ಕೆ ಹೋಗುವ ಸಂದರ್ಭ ಕಡಮೆ. ೨೦೨೨ರಲ್ಲಿ ಎಎಂಡಿ ಸಂಸ್ಥೆ ೯೬ ಮೆಗಾಬೈಟುಗಳ ಮೂರನೆಯ ಮಟ್ಟದ ಕ್ಯಾಶ್ ಇರುವ ಪ್ರೊಸೆಸರನ್ನು ಆಟಗಾರರಿಗೆಂದೇ ಹೊರತಂದಿತು. ಅಂಥ ಯಂತ್ರದಲ್ಲಿ ಸ್ಮೃತಿಯ ಅಂಕಿಗಳನ್ನು ಬಿಗಿಗೊಳಿಸುವುದರಿಂದ ದೊರೆಯುವ ಫಲ ಕಡಮೆಯೇ ಸರಿ. ಚಿತ್ರ ರಚಿಸುವ ಗ್ರಾಫಿಕ್ಸ್ ಘಟಕವೇ ತಡಮಾಡುತ್ತಿದ್ದರೂ ಅಷ್ಟೇ. ಕೊಯ್ಲು ಮುಗಿದು ಕಣದಲ್ಲಿ ರಾಶಿ ಬಿದ್ದಿರುವಾಗ ಕೊಯ್ಯುವವರನ್ನು ಹೆಚ್ಚಿಸಿ ಪ್ರಯೋಜನವಿಲ್ಲ, ಒಕ್ಕುವವರು ಬೇಕು.

ವಿಳಂಬವನ್ನು ತಗ್ಗಿಸಬಯಸುವವರು ಈ ಕಾರಣದಿಂದ ದೊಡ್ಡ ಸೋರಿಕೆಗಳನ್ನು ಮೊದಲು ಮುಚ್ಚಬೇಕು. ಮೌಸಿನ ವಿಚಾರಣೆಯನ್ನು ೧೨೫ರಿಂದ ೧೦೦೦ಕ್ಕೆ ಏರಿಸಿದರೆ ಕಾಯುವ ಗರಿಷ್ಠ ಕಾಲ ೮ ಮಿಲಿಸೆಕೆಂಡಿನಿಂದ ೧ಕ್ಕೆ ಇಳಿಯುತ್ತದೆ. ೬೦ ಬಾರಿ ಬದಲಾಗುವ ಪರದೆಯ ಬದಲು ೧೪೪ ಬಾರಿ ಬದಲಾಗುವ ಪರದೆಯಿಟ್ಟರೆ ಚಿತ್ರಗಳ ನಡುವಣ ಅಂತರ ಸುಮಾರು ೧೦ ಮಿಲಿಸೆಕೆಂಡ್ ಕಡಮೆಯಾಗುತ್ತದೆ. ಇವುಗಳ ಮುಂದೆ ಸ್ಮೃತಿಯಿಂದ ಬರುವ ಅರ್ಧ ಮಿಲಿಸೆಕೆಂಡ್ ಅಲ್ಪವಾದುದು. ಆದರೂ ಅದಕ್ಕೆ ಮತ್ತೊಂದು ಗುಣವಿದೆ. ಸ್ಮೃತಿಗಾಗಿ ಕಾಯುವುದು ಎಲ್ಲ ಚಿತ್ರಗಳಿಗೂ ಒಂದೇ ಸಮನಾಗಿರುವುದಿಲ್ಲ. ಕೆಲವೊಂದು ಚಿತ್ರಕ್ಕೆ ಬಹಳ ಹೆಚ್ಚು. ಆಗ ಆಟವು ನಡುವೆ ಮುಗ್ಗರಿಸಿದಂತೆ ತೋರುತ್ತದೆ. ಸಮನಾದ ವಿಳಂಬಕ್ಕೆ ಕೈ ಸ್ವಲ್ಪಮಟ್ಟಿಗೆ ಹೊಂದಿಕೊಳ್ಳುತ್ತದೆ. ಏರಿಳಿಯುವ ವಿಳಂಬಕ್ಕೆ ಹೊಂದಿಕೊಳ್ಳಲಾರದು. ಹದವಾದ ಸ್ಮೃತಿಯಿಂದ ಈ ಮುಗ್ಗರಿಕೆಗಳು ಕಡಮೆಯಾಗುವುದುಂಟು.

ಹದಗೊಳಿಸುವ ಕ್ರಮದಲ್ಲಿ ಮೊದಲ ಹೆಜ್ಜೆ ಬಹಳ ಸುಲಭವಾದುದು. ಅನೇಕರು ಮರೆಯುವುದೂ ಅದನ್ನೇ. ಹೆಚ್ಚು ಬೆಲೆ ಕೊಟ್ಟು ತಂದ ಚುರುಕಾದ ಸ್ಮೃತಿಯ ಪಟ್ಟಿಯನ್ನು ಯಂತ್ರದಲ್ಲಿ ಕೂಡಿಸಿದಾಗ ಅದು ತಾನಾಗಿಯೇ ಪೂರ್ಣ ವೇಗದಲ್ಲಿ ಕೆಲಸಮಾಡುವುದಿಲ್ಲ. ಎಲ್ಲ ಯಂತ್ರಗಳಿಗೂ ಒಗ್ಗುವಂಥ ನಿಧಾನವಾದ ಮಾನಕ ವೇಗದಲ್ಲಿಯೇ ಸಾಮಾನ್ಯವಾಗಿ ಆರಂಭವಾಗುತ್ತದೆ. ಪಟ್ಟಿಯ ಮೇಲಿನ ಪುಟ್ಟ ಚಿಪ್ಪೊಂದರಲ್ಲಿ ಅದರ ತಯಾರಕರು ಪರೀಕ್ಷಿಸಿದ ಅಂಕಿಗಳನ್ನು ಬರೆದಿಟ್ಟಿರುತ್ತಾರೆ. ಇಂಟೆಲ್ ಸಂಸ್ಥೆಯ ಕ್ರಮಕ್ಕೆ ಎಕ್ಸ್‌ಎಂಪಿ ಎಂದೂ ಎಎಂಡಿ ಸಂಸ್ಥೆಯ ಕ್ರಮಕ್ಕೆ ಎಕ್ಸ್‌ಪೋ ಎಂದೂ ಹೆಸರು. ಯಂತ್ರವನ್ನು ಆರಂಭಿಸುವಾಗ ಬಯೋಸ್ ಎಂಬ ಮೂಲ ವ್ಯವಸ್ಥೆಯನ್ನು ತೆರೆದು ಇದನ್ನು ಆರಿಸಿದರೆ ಕೊಟ್ಟ ಹಣಕ್ಕೆ ತಕ್ಕ ವೇಗ ದೊರೆಯುತ್ತದೆ. ಇದನ್ನು ಮಾಡದೆ ವರ್ಷಗಟ್ಟಲೆ ಯಂತ್ರ ನಡೆಸುವವರಿಗೆ ತಾವು ಕೊಂಡ ವಸ್ತು ಪೂರ್ತಿಯಾಗಿ ಕೈಸೇರಿಲ್ಲವೆಂಬುದೇ ತಿಳಿದಿರುವುದಿಲ್ಲ.

ಇದಕ್ಕಿಂತ ಮುಂದೆ ಹೋಗಬಯಸುವವರು ಅಂಕಿಗಳನ್ನು ತಾವೇ ಒಂದೊಂದಾಗಿ ಇಳಿಸುತ್ತಾರೆ. ಮೊದಲು ಇದ್ದ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಅಂಕಿಯನ್ನು ಒಂದೇ ಮೆಟ್ಟಿಲು ಇಳಿಸಬೇಕು. ಇಳಿಸಿದ ಮೇಲೆ ಸ್ಮೃತಿಯನ್ನು ಪರೀಕ್ಷಿಸುವ ಕಾರ್ಯಕ್ರಮವನ್ನು ಗಂಟೆಗಟ್ಟಲೆ ನಡೆಸಬೇಕು. ಒಂದು ತಪ್ಪು ಕಂಡುಬಂದರೂ ಹಿಂದಿನ ಮೆಟ್ಟಿಲಿಗೆ ಮರಳಬೇಕು. ಹಲವು ಅಂಕಿಗಳನ್ನು ಒಟ್ಟಿಗೆ ಬದಲಿಸಿದವನಿಗೆ ಕೆಟ್ಟದ್ದು ಯಾವುದರಿಂದ ಎಂಬುದು ತಿಳಿಯುವ ದಾರಿಯೇ ಇರುವುದಿಲ್ಲ. ಪ್ರಯೋಗಶಾಲೆಯಲ್ಲಿ ಕಲಿಯುವ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಈ ನಾಲ್ಕು ಅಂಕಿಗಳಲ್ಲದೆ ನವೀಕರಣದ ಅಂಕಿಯೂ ಒಂದುಂಟು. ಡಿಡಿಆರ್ ೪ ಸ್ಮೃತಿಗೆ ಸರಾಸರಿ ೭.೮ ಮೈಕ್ರೋಸೆಕೆಂಡಿಗೊಮ್ಮೆ, ಎಂದರೆ ೭೮೦೦ ನ್ಯಾನೋಸೆಕೆಂಡಿಗೊಮ್ಮೆ, ನವೀಕರಣದ ಆಜ್ಞೆ ಹೋಗುತ್ತದೆ. ಎಂಟು ಗಿಗಾಬಿಟ್ಟುಗಳ ಚಿಪ್ಪಿನಲ್ಲಿ ಪ್ರತಿಸಲವೂ ೩೫೦ ನ್ಯಾನೋಸೆಕೆಂಡ್ ಸ್ಮೃತಿಯ ಬಾಗಿಲು ಮುಚ್ಚಿರುತ್ತದೆ. ನೂರಕ್ಕೆ ಸುಮಾರು ನಾಲ್ಕೂವರೆ ಪಾಲು ಕಾಲ ಇದಕ್ಕೇ ಸಲ್ಲುತ್ತದೆ. ನವೀಕರಣವನ್ನು ವಿರಳಗೊಳಿಸಿದರೆ ಇದರಲ್ಲಿ ಬಹುಭಾಗವನ್ನು ಉಳಿಸಬಹುದೆಂದು ಆಟಗಾರರು ಆ ಅವಧಿಯನ್ನು ಹಲವು ಪಾಲು ಹೆಚ್ಚಿಸುವುದುಂಟು. ಆದರೆ ಕೊಡ ಸೋರುತ್ತಿದೆಯೆಂಬುದನ್ನು ಮರೆಯಬಾರದು. ಮಾಗಿಯ ಬೆಳಗಿನಲ್ಲಿ ಪರೀಕ್ಷೆಯಲ್ಲಿ ಗೆದ್ದ ಯಂತ್ರವು ಬೇಸಗೆಯ ಮಧ್ಯಾಹ್ನದಲ್ಲಿ ಸೋಲಬಹುದು. ಅಂಕಿ ಇಳಿಸಲೆಂದು ವೋಲ್ಟೇಜ್ ಹೆಚ್ಚಿಸಿದಾಗಲೂ ಬಿಸಿ ಹೆಚ್ಚುತ್ತದೆ. ಡಿಡಿಆರ್ ೪ಕ್ಕೆ ನಿಗದಿಯಾದದ್ದು ೧.೨ ವೋಲ್ಟ್; ಚುರುಕಾದ ಪಟ್ಟಿಗಳ ತಯಾರಕರು ೧.೩೫ ವೋಲ್ಟನ್ನು ಸೂಚಿಸುವುದು ಸಾಮಾನ್ಯ. ಅದನ್ನು ಮೀರಿ ಹೋಗುವವನು ಯಂತ್ರದ ಆಯುಸ್ಸನ್ನು ಒತ್ತೆಯಿಡುತ್ತಾನೆ.

ಮಿತಿಮೀರಿದ ಬಿಗಿಯಿಂದ ಯಂತ್ರವು ಆರಂಭವೇ ಆಗದಿದ್ದರೆ ಅದು ಸಣ್ಣ ತೊಂದರೆ. ಮೂಲ ಅಂಕಿಗಳಿಗೆ ಮರಳಿಸಿದರೆ ಸರಿಹೋಗುತ್ತದೆ. ಭಯಪಡಬೇಕಾದದ್ದು ಸದ್ದಿಲ್ಲದೆ ಆಗುವ ತಪ್ಪಿಗೆ. ಒಬ್ಬ ವಿದ್ಯಾರ್ಥಿ ಗಣಿತದಲ್ಲಿ ೯೯ ಅಂಕ ಪಡೆದಿದ್ದಾನೆಂದು ಭಾವಿಸೋಣ. ದ್ವಿಮಾನ ಪದ್ಧತಿಯಲ್ಲಿ ೯೯ ಎಂಬುದು ೬೪, ೩೨, ೨ ಮತ್ತು ೧ರ ಮೊತ್ತ. ಇವುಗಳಲ್ಲಿ ೬೪ನ್ನು ಸೂಚಿಸುವ ಒಂದೇ ಒಂದು ಕೋಶದ ಆವೇಶ ಸೋರಿಹೋದರೆ ಉಳಿಯುವುದು ೩೫. ಯಂತ್ರಕ್ಕೆ ಅದು ತಪ್ಪೆಂದು ತೋರುವುದಿಲ್ಲ. ೩೫ ಎಂಬುದೂ ಒಂದು ಅಂಕವೇ. ಅದು ಹಾಗೆಯೇ ಡಿಸ್ಕಿನಲ್ಲಿ ಬರೆಯಲ್ಪಡುತ್ತದೆ, ಪ್ರತಿಗಳಲ್ಲಿಯೂ ಸೇರುತ್ತದೆ. ವರ್ಷದ ಮೇಲೆ ಯಾರಾದರೂ ತೆರೆದು ನೋಡಿದಾಗ ಸುಳ್ಳೇ ಸಾಕ್ಷಿಯಾಗಿ ನಿಂತಿರುತ್ತದೆ. ಇಂಥ ತಪ್ಪುಗಳನ್ನು ಕಂಡುಹಿಡಿದು ತಿದ್ದಬಲ್ಲ ಸ್ಮೃತಿಗಳೂ ಇವೆ. ಬ್ಯಾಂಕುಗಳು ಮೊದಲಾದ ಸಂಸ್ಥೆಗಳ ಲೆಕ್ಕಪತ್ರಗಳನ್ನು ನಿರ್ವಹಿಸುವ ದೊಡ್ಡ ಯಂತ್ರಗಳಲ್ಲಿ ಅವುಗಳನ್ನೇ ಬಳಸುವುದು ರೂಢಿ. ಮನೆಯ ಸಾಧಾರಣ ಯಂತ್ರಗಳಲ್ಲಿ ಆ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ. ಆದುದರಿಂದ ಆಟಕ್ಕೆ ಮೀಸಲಾದ ಸ್ವಂತ ಯಂತ್ರದಲ್ಲಿ ಈ ಪ್ರಯೋಗ ಮಾಡಬಹುದೇ ಹೊರತು, ಶಾಲೆಯ ಲೆಕ್ಕಪತ್ರವಾಗಲಿ ಮನೆಯವರ ದಾಖಲೆಗಳಾಗಲಿ ಇರುವ ಯಂತ್ರವನ್ನು ಮುಟ್ಟಕೂಡದು.

ಕಡೆಯದಾಗಿ, ಫಲವನ್ನು ಅಳೆದು ನೋಡದೆ ನಂಬಬಾರದು. ಶ್ರಮಪಟ್ಟವನಿಗೆ ಶ್ರಮ ಫಲಿಸಿತೆಂದೇ ತೋರುವುದು ಮನಸ್ಸಿನ ಸ್ವಭಾವ. ಅಂಕಿಗಳನ್ನು ಇಳಿಸಿದ ಆಟಗಾರನಿಗೆ ಕೈ ಹಗುರವಾದಂತೆ ಅನ್ನಿಸುವುದು ಸಹಜ. ಅದು ನಿಜವೇ ಭ್ರಮೆಯೇ ಎಂಬುದನ್ನು ನಿರ್ಣಯಿಸಲು ಸರಳವಾದ ವಿಧಾನವಿದೆ. ಸೆಕೆಂಡಿಗೆ ೧೦೦೦ ಚಿತ್ರಗಳನ್ನು ತೆಗೆಯುವ ಕ್ಯಾಮೆರಾದ ಮುಂದೆ ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಮಾಡಿ, ಬಟನ್ ಒತ್ತಿದ ಚಿತ್ರದಿಂದ ಪರದೆ ಬದಲಾದ ಚಿತ್ರದವರೆಗೆ ಎಣಿಸಿದರೆ, ಎಣಿಕೆಯಷ್ಟೇ ಮಿಲಿಸೆಕೆಂಡುಗಳು. ಹೀಗೆ ಹತ್ತಾರು ಸಲ ಅಳೆದು ಸರಾಸರಿ ತೆಗೆಯಬೇಕು; ಹೆಚ್ಚಿನದನ್ನೂ ಕಡಮೆಯದನ್ನೂ ಬೇರೆಯಾಗಿ ಗುರುತಿಸಬೇಕು. ಹದಗೊಳಿಸುವ ಮುನ್ನ ಒಮ್ಮೆ, ಅನಂತರ ಒಮ್ಮೆ ಹೀಗೆ ಅಳೆದರೆ ಸತ್ಯ ತಾನಾಗಿಯೇ ಹೊರಬೀಳುತ್ತದೆ. ವ್ಯತ್ಯಾಸ ಕಾಣದಿದ್ದರೆ ಅಂಕಿಗಳನ್ನು ಮೊದಲಿನಂತೆ ಇಟ್ಟು ಯಂತ್ರದ ವಿಶ್ವಾಸಾರ್ಹತೆಯನ್ನು ಕಾಪಾಡಿಕೊಳ್ಳುವುದೇ ಜಾಣತನ.

ಗ್ರೀನಿಚ್ಚಿನ ತರುಣನು ಕೆಲಸ ಕಳೆದುಕೊಂಡದ್ದು ಮುಕ್ಕಾಲು ಸೆಕೆಂಡಿನ ವಿಳಂಬಕ್ಕಾಗಿ. ಇಂದಿನ ಪಂದ್ಯಗಳಲ್ಲಿ ಅದಕ್ಕಿಂತ ನೂರು ಪಾಲು ಕಿರಿದಾದ ಕಾಲಕ್ಕೆ ಬೆಲೆಯಿದೆ. ಆದರೆ ಆತನಿಗೆ ನ್ಯಾಯ ದೊರೆಯದೆ ಹೋದದ್ದು ವಿಳಂಬಕ್ಕೆ ಕಾರಣವೆಲ್ಲಿದೆಯೆಂದು ಯಾರೂ ವಿಚಾರಿಸದೆ ಹೋದುದರಿಂದ. ಯಂತ್ರವು ತಡಮಾಡಿದಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಕಾರಣ ಮೌಸಿನಲ್ಲಿದೆಯೇ, ಪ್ರೊಸೆಸರಿನಲ್ಲಿದೆಯೇ, ಸ್ಮೃತಿಯಲ್ಲಿದೆಯೇ, ಪರದೆಯಲ್ಲಿದೆಯೇ, ಇಲ್ಲವೆ ಆಡುವವನ ಬೆರಳಿನಲ್ಲಿಯೇ ಇದೆಯೇ ಎಂದು ಅಳೆದು ತಿಳಿದವನಿಗೆ ಮಾತ್ರ ಯಾವ ತಂತಿಯನ್ನು ಎಷ್ಟು ಬಿಗಿಯಬೇಕೆಂಬುದು ಗೊತ್ತಾಗುತ್ತದೆ.